ಕಾಲಿಮ್ನೋಸಿನ ಸುಣ್ಣಗಲ್ಲು

ಅಜ್ಜಿಯರ ಎಲೆಯಡಿಕೆಯ ಚೀಲದಲ್ಲಿ ಒಂದು ಪುಟ್ಟ ಸುಣ್ಣದ ಡಬ್ಬಿ ಇರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. ಆ ಸುಣ್ಣ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಎರಡು ಬಗೆಯಾಗುವುದು. ಉಡುಪಿ, ಮಂಗಳೂರು, ಕಾರವಾರಗಳ ಕಡೆಯಿಂದ ಮುಂಬಯಿಗೆ ಬಂದ ಮನೆತನದವರು, ಹೊಳೆಯ ಅಳಿವೆಗಳಲ್ಲಿ ಆಯ್ದ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವರೆಂದು ಹೇಳುವರು. ಬಾಗಲಕೋಟೆ, ಕಲಬುರ್ಗಿಗಳ ಕಡೆಯವರು, ಸುಣ್ಣ ಬರುವುದು ಕಲ್ಲಿನಿಂದ, ಚಿಪ್ಪಿನ ಮಾತೇಕೆ ಎಂದು ನಗುವರು. ಇಬ್ಬರ ಮಾತೂ ನಿಜ. ಹೆಚ್ಚಿನ ಸುಣ್ಣಗಲ್ಲೆಲ್ಲ ಒಂದು ಕಾಲಕ್ಕೆ ಸಮುದ್ರದ ಜೀವಿಗಳ ಚಿಪ್ಪು, ಕವಚ, ಹವಳಗಳ ಚೂರಾಗಿದ್ದು, ನೀರಿನ ತಳದಲ್ಲಿ ಪದರ ಪದರವಾಗಿ ಬಿದ್ದು, ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾಗಿ ಕಲ್ಲಾದದ್ದು.

ಮುಂಬಯಿಯ ಹಳೆಯ ಚಾಳುಗಳ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಸಹ ಸುಣ್ಣಗಲ್ಲೇ. ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದದಿಂದ ಅದಕ್ಕೆ ಆ ಹೆಸರು ಬಂದಿದೆ. ಅದು ಮಾತ್ರ ಚಿಪ್ಪುಳ್ಳ ಪ್ರಾಣಿಗಳು ಲೋಕದಲ್ಲಿ ಹುಟ್ಟುವುದಕ್ಕಿಂತ ಮುಂಚಿನದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಸುಣ್ಣವೇ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ನೆರವಿನಿಂದಲೂ, ಕೆಸರಾಗಿ ತಳಕ್ಕಿಳಿದಿರಬೇಕು. ಆ ನೆಲದ ಮೇಲೆ ನಿಂಬೆಯ ರಸ ಚೆಲ್ಲಿ ಒರಸದೆ ಬಿಟ್ಟರೆ ಹೊಳಪು ಮಾಯವಾಗಿ ಮಸುಕಾದ ಕಲೆಯೊಂದು ಉಳಿಯುವುದು. ಹುಳಿ ಸುಣ್ಣವನ್ನು ತಿನ್ನುತ್ತದೆ. (ಪರೀಕ್ಷಿಸಿ ನೋಡುವ ಉತ್ಸಾಹವಿರುವವರು ಮನೆಯ ನಡುಕೋಣೆಯನ್ನು ಬಿಟ್ಟು ಬೇರೆಲ್ಲಾದರೂ ನೋಡುವುದು ಲೇಸು.) ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ನಾವು ಹೇಳಲಿರುವ ದ್ವೀಪದ ಕಥೆಯಲ್ಲಿ ಅರ್ಧ ಭಾಗ ತಾನಾಗಿಯೇ ತಿಳಿಯುವುದು.

ಆ ದ್ವೀಪದ ಹೆಸರು ಕಾಲಿಮ್ನೋಸ್. ಗ್ರೀಸ್ ದೇಶಕ್ಕೂ ತುರ್ಕಸ್ಥಾನಕ್ಕೂ ನಡುವಣ ಈಜಿಯನ್ ಸಮುದ್ರದಲ್ಲಿ, ತುರ್ಕಸ್ಥಾನದ ದಡಕ್ಕೆ ಹತ್ತಿರವಾಗಿ ಅದಿದೆ. ವೈದ್ಯಶಾಸ್ತ್ರದ ಪಿತಾಮಹನೆನಿಸಿದ ಹಿಪ್ಪೊಕ್ರೇಟಸನು ಹುಟ್ಟಿದ ಕೋಸ್ ದ್ವೀಪ ಅದರ ನೆರೆಯದು; ಇಂದು ದೂರದಿಂದ ಬರುವವರು ಕೋಸಿನಲ್ಲಿ ವಿಮಾನವಿಳಿದು, ಅಲ್ಲಿಂದ ದೋಣಿ ಹಿಡಿದು ಕಾಲಿಮ್ನೋಸಿನ ಪೋಥಿಯಾ ಎಂಬ ಬಂದರಿಗೆ ಬರುತ್ತಾರೆ. ದ್ವೀಪದ ವಿಸ್ತೀರ್ಣ ಸುಮಾರು ೧೧೦ ಚದರ ಕಿಲೋಮೀಟರು, ಎಂದರೆ ನಮ್ಮ ಬೃಹನ್ಮುಂಬಯಿಯ ಕಾಲು ಭಾಗದಷ್ಟು. ಜನಸಂಖ್ಯೆ ೧೬-೧೭ ಸಾವಿರದ ಆಸುಪಾಸಿನಲ್ಲಿದೆ. ನಮ್ಮಲ್ಲಿ ಒಂದೆರಡು ಪೇಟೆಬೀದಿಗಳಲ್ಲಿ ಅಷ್ಟು ಜನ ಸಿಗುವರು. ಪೂರ್ವದಲ್ಲಿ ವಾಥಿ ಎಂಬ ಒಂದು ಕಣಿವೆಯಲ್ಲಿ ಕಿತ್ತಳೆ, ನಿಂಬೆಗಳ ತೋಟಗಳುಂಟು. ಉಳಿದದ್ದು ಬಹುತೇಕ ಬೆಟ್ಟ; ಬೆಟ್ಟವೆಂದರೆ ಬರಿಯ ಬೂದುಬಣ್ಣದ ಸುಣ್ಣಗಲ್ಲು. ಅದರ ಸಂದಿಗಳಲ್ಲಿ ಸುವಾಸನೆಯ ಸಣ್ಣ ಗಿಡಗಂಟಿಗಳು, ಅವುಗಳ ಹೂವಿಗೆ ಜೇನು, ಎಲೆಗೆ ಮೇಕೆ.

ಪಶ್ಚಿಮದ ದಡದಲ್ಲಿ ಮಸ್ಸೂರಿ ಎಂಬ ಹಳ್ಳಿಯಿದೆ. ಹಿಮಾಲಯದ ನಮ್ಮ ಮಸ್ಸೂರಿಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಯಾವ ನಂಟೂ ಇಲ್ಲ. ಈ ಹಳ್ಳಿಯ ಬೆನ್ನಿಗೆ, ಮನೆಗಳಿಂದ ಕಾಲುನಡಿಗೆಯ ದೂರದಲ್ಲಿ, ಸುಣ್ಣಗಲ್ಲಿನ ಗೋಡೆಗಳು ನೆಟ್ಟಗೆ ಎದ್ದು ನಿಂತಿವೆ. ಎದುರಿಗೆ ಕಿರಿದಾದ ಕಡಲಗಂಡಿಯಾಚೆ ತೆಲೆಂದೊಸ್ ಎಂಬ ಪುಟ್ಟ ದ್ವೀಪ. ೬ನೆಯ ಶತಮಾನದ ಒಂದು ಭೂಕಂಪದಲ್ಲಿ ಅದು ಕಾಲಿಮ್ನೋಸಿನಿಂದ ಬೇರ್ಪಟ್ಟಿತೆಂದು ಹೇಳುತ್ತಾರೆ. ಇಂದು ಲೋಕದ ನಾನಾ ಭಾಗಗಳ ಶಿಲಾರೋಹಿಗಳು, ಎಂದರೆ ಕಡಿದಾದ ಬಂಡೆಗಳನ್ನು ಕೈಕಾಲುಗಳ ಬಲದಿಂದ ಏರುವವರು, ಈ ಹಳ್ಳಿಗೆ ಬರುತ್ತಾರೆ. ದ್ವೀಪದ ಬಂಡೆಗಳ ಮೇಲೆ ಗುರುತು ಮಾಡಿ ಹೆಸರಿಟ್ಟ ಏರುದಾರಿಗಳು ಮೂರು ಸಾವಿರಕ್ಕೂ ಹೆಚ್ಚು.

ಬೋರಿವಿಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ರಜೆಯ ದಿನ ಹೋದವರು, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ತರುಣರನ್ನು ಕಂಡಿರಬಹುದು. ಅಲ್ಲಿಯದು ಸಹ್ಯಾದ್ರಿಯ ಕರಿಗಲ್ಲು. ಲಾವಾರಸ ಆರಿ ಆದದ್ದು. ಬಾದಾಮಿಯ ಕೆಂಪು ಬಂಡೆಗಳೂ ಶಿಲಾರೋಹಿಗಳಿಗೆ ಪ್ರಿಯವಾದುವೇ, ಅವು ಮರಳುಗಲ್ಲು. ಹೀಗಿರಲು ಸುಣ್ಣಗಲ್ಲಿನಲ್ಲಿ ಅಂಥ ವಿಶೇಷವೇನು?

ವಿಶೇಷವೆಲ್ಲ ನೀರಿನ ಕೈಚಳಕ. ಮಳೆಯ ನೀರು ಆಕಾಶದಿಂದ ಇಳಿಯುವಾಗಲೂ ಮಣ್ಣಿನಲ್ಲಿ ಇಂಗುವಾಗಲೂ ಇಂಗಾಲಾಮ್ಲ ವಾಯುವನ್ನು ತನ್ನಲ್ಲಿ ಕರಗಿಸಿಕೊಳ್ಳುವುದು. ಗೋಲಿ ಸೋಡಾದಲ್ಲಿ ಒತ್ತಿ ತುಂಬುವ ವಾಯುವೂ ಅದೇ. ಆದುದರಿಂದ ಮಳೆಯ ನೀರನ್ನು ಬಹಳ ತೆಳುವಾದ ಸೋಡಾ ಎಂದು ಕರೆದರೂ ತಪ್ಪಿಲ್ಲ. ಆ ನೀರಿಗೆ ತುಸು ಹುಳಿಯ ಗುಣ ಬಂದಿರುತ್ತದೆ. ನಿಂಬೆಯ ರಸ ನೆಲದ ಕಲ್ಲಿಗೆ ಮಾಡಿದ್ದನ್ನೇ ಅದು ಬೆಟ್ಟಕ್ಕೆ ಮಾಡುವುದು, ಆದರೆ ಸಾವಿರಾರು ವರ್ಷಗಳ ತಾಳ್ಮೆಯಿಂದ. ಮಳೆ ನೇರವಾಗಿ ಬೀಳುವ ಇಳಿಜಾರುಗಳಲ್ಲಿ ಅದು ಕಲ್ಲನ್ನು ಕೊರೆದು ಗೀರು, ಗುಳಿ, ಹರಿತವಾದ ಅಂಚುಗಳನ್ನು ಮಾಡುತ್ತದೆ. ಬೂದುಬಣ್ಣದ ಆ ಕಲ್ಲು ಮುಟ್ಟಿದರೆ ತುರಿಮಣೆಯಂತೆ. ಬೆರಳಿನ ಚರ್ಮ ಸುಲಿಯುವುದು, ಆದರೆ ಕಾಲು ಜಾರದು.

ಬಿರುಕುಗಳಲ್ಲಿ ಇಳಿದ ನೀರಿನ ಕಥೆ ಬೇರೆ. ಅದು ಹಾದಿಯುದ್ದಕ್ಕೂ ಸುಣ್ಣವನ್ನು ಕರಗಿಸಿಕೊಂಡು, ಮುಂಚಾಚಿದ ಬಂಡೆಯ ಅಡಿಯಲ್ಲೋ ಗುಹೆಯ ಮಾಳಿಗೆಯಲ್ಲೋ ಹೊರಕ್ಕೆ ಜಿನುಗುವುದು. ಹೊರಗಾಳಿ ತಾಕಿದೊಡನೆ, ಮುಚ್ಚಳ ತೆಗೆದ ಸೋಡಾದಿಂದ ವಾಯು ಹಾರಿಹೋಗುವಂತೆ, ಅದರಲ್ಲಿನ ಇಂಗಾಲಾಮ್ಲ ವಾಯುವೂ ಹಾರಿಹೋಗುತ್ತದೆ. ವಾಯು ಹೋದ ಮೇಲೆ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಸಾಲದು. ಹೊತ್ತು ತಂದ ಸುಣ್ಣದ ಒಂದಿಷ್ಟು ಅಲ್ಲಿಯೇ ಕಲ್ಲಿಗೆ ಅಂಟಿ ಉಳಿಯುವುದು. ಹನಿಯ ಮೇಲೆ ಹನಿ ಬಿದ್ದು ಹೀಗೆ ಬೆಳೆದದ್ದೇ ಮಾಳಿಗೆಯಿಂದ ತೂಗುವ ಕಲ್ಲಿನ ಇಳಿಬಿಳಲು. ಗೋಡೆಯ ಮೇಲೆ ಇಳಿದರೆ ಆನೆಯ ಸೊಂಡಿಲಿನಂಥ ದಿಂಡು. ಮಸ್ಸೂರಿಯ ಮೇಲಿರುವ 'ಗ್ರಾಂಡೆ ಗ್ರೊಟ್ಟಾ' ಎಂಬ ಮಹಾಗುಹೆಯಲ್ಲಿ ಇಂಥ ಇಳಿಬಿಳಲುಗಳು ದೊಡ್ಡ ದೇವಸ್ಥಾನದ ತೂಗುದೀಪಗಳಂತೆ ಜೋತುಬಿದ್ದಿವೆ. ಮಳೆ ತಾಕದ ಕಾರಣ ಅಲ್ಲಿಯ ಗೋಡೆಗಳಿಗೆ ಬೂದುಬಣ್ಣವಿಲ್ಲ. ಕೇಸರಿ, ಹಳದಿ, ಕೆಂಪು. ಶಿಲಾರೋಹಿಯು ಒಂದು ದಿಂಡನ್ನು ಎರಡು ಕೈಗಳಿಂದ ಹಿಸುಕಿ ಹಿಡಿದು, ಮತ್ತೊಂದಕ್ಕೆ ಮೊಣಕಾಲನ್ನು ಒತ್ತಿ, ಬೆನ್ನು ನೆಲದ ಕಡೆಗಿರುವಂತೆ ತೂಗಾಡುತ್ತ ಸಾಗುವನು. ಕರಿಗಲ್ಲಿನಲ್ಲಿ ಇಂಥ ಹಿಡಿಗಳು ಹುಟ್ಟುವುದಿಲ್ಲ. ಆದರೆ ಒಮ್ಮೆ ಮುರಿದ ಇಳಿಬಿಳಲು ಮತ್ತೆ ಬೆಳೆಯಲು ನಮ್ಮ ಆಯುಷ್ಯ ಸಾಲದು. ಆದುದರಿಂದ ಅನುಭವಸ್ಥರು ಭಾರ ಹಾಕುವ ಮೊದಲು ಅದನ್ನು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಕೈ ಹಿಂದಕ್ಕೆ ತೆಗೆಯುತ್ತಾರೆ.

ಇಷ್ಟು ಚೆಂದದ ಕಲ್ಲನ್ನು ಊರಿನವರು ಶತಮಾನಗಳ ಕಾಲ ಶಪಿಸಿದ್ದರೆ ಆಶ್ಚರ್ಯವಿಲ್ಲ. ಸುಣ್ಣಗಲ್ಲಿನ ಬೆಟ್ಟ ನೀರನ್ನು ಮೇಲೆ ನಿಲ್ಲಗೊಡದು. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಂಗಿ ಕಣ್ಮರೆಯಾಗುವುದು. ಮಣ್ಣು ತೆಳು, ಹೊಳೆಯಿಲ್ಲ, ಹೊಲವಿಲ್ಲ. ನೆಲ ಅನ್ನ ಕೊಡದಾಗ ಜನ ನೀರಿಗಿಳಿದರು. ಕಾಲಿಮ್ನೋಸಿನ ಗಂಡಸರು ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುವುದನ್ನೇ ಕಸುಬು ಮಾಡಿಕೊಂಡರು. ಸ್ಪಂಜು ಎಂಬುದು ತಳದ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಪ್ರಾಣಿ. ಅದನ್ನು ತೊಳೆದು ಒಣಗಿಸಿದರೆ ಉಳಿಯುವ ಮೆತ್ತನೆಯ ಬಲೆಯಂಥ ಒಡಲೇ ಮೈ ತಿಕ್ಕಲು ಬಳಸುವ ಸ್ಪಂಜು.

ಮೊದಲಿಗೆ ಈ ಕೆಲಸಕ್ಕೆ ಬೇಕಾಗಿದ್ದುದು ಒಂದು ಕಲ್ಲು, ಒಂದು ಹಗ್ಗ, ಒಂದು ಬಲೆಚೀಲ, ಒಂದು ಉಸಿರು. ಕಲ್ಲಿಗೆ ಸ್ಕಾಂದಲೋಪೆತ್ರ ಎಂದು ಹೆಸರು: ೧೨-೧೫ ಕಿಲೋಗ್ರಾಂ ತೂಗುವ, ನಯವಾಗಿ ತೇಯ್ದ ಚಪ್ಪಟೆ ಕಲ್ಲು. ಅದರ ಒಂದು ತುದಿಗೆ ತೂತು ಕೊರೆದು ಹಗ್ಗ ಕಟ್ಟಿರುವರು. ಮುಳುಗುಗಾರನು ಎದೆ ತುಂಬ ಉಸಿರೆಳೆದು, ಕಲ್ಲನ್ನು ಎರಡು ಕೈಗಳಿಂದ ಮುಂದಕ್ಕೆ ಚಾಚಿ ಹಿಡಿದು, ತಲೆಕೆಳಗಾಗಿ ಹಾರುವನು. ಕಲ್ಲಿನ ಭಾರ ಅವನನ್ನು ಎಳೆದುಕೊಂಡು ಹೋಗುವುದು. ಅದನ್ನು ಓರೆ ಮಾಡಿದರೆ ಚುಕ್ಕಾಣಿಯಂತೆ ದಿಕ್ಕನ್ನೂ ತೋರುವುದು. ತಳ ಸೇರಿ, ಕೈಗೆ ಸಿಕ್ಕಷ್ಟು ಸ್ಪಂಜು ಕಿತ್ತು, ಹಗ್ಗ ಜಗ್ಗಿದರೆ ದೋಣಿಯಲ್ಲಿದ್ದವನು ಅವನನ್ನು ಮೇಲಕ್ಕೆ ಎಳೆದುಕೊಳ್ಳುವನು. ಇದೆಲ್ಲ ಎರಡು ಮೂರು ನಿಮಿಷಗಳ ವ್ಯವಹಾರ. ಹಗ್ಗ ಹಿಡಿದವನು ಗಮನ ತಪ್ಪಿದರೆ ಕೆಳಗಿದ್ದವನ ಗತಿ ಹೇಳಬೇಕಾದದ್ದಿಲ್ಲ.

೧೮೩೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿದ್ದ ಅಗಸ್ಟಸ್ ಸೀಬೆ ಎಂಬವನು ತಾಮ್ರದ ಶಿರಸ್ತ್ರಾಣವುಳ್ಳ ಮುಳುಗುಡುಗೆಯನ್ನು ಸಿದ್ಧಗೊಳಿಸಿದ್ದನು. ದೋಣಿಯಲ್ಲಿನ ಪಂಪಿನಿಂದ ಕೊಳವೆಯ ಮೂಲಕ ಗಾಳಿ ಬರುವುದರಿಂದ ಅದನ್ನು ತೊಟ್ಟವನು ತಳದಲ್ಲಿ ಬಹು ಹೊತ್ತು ನಡೆದಾಡಬಹುದಾಗಿತ್ತು. ೧೮೬೦ರ ದಶಕದಲ್ಲಿ ಈ ಉಡುಗೆ ನೆರೆಯ ಸೀಮಿ ದ್ವೀಪಕ್ಕೂ, ಅನಂತರ ಕಾಲಿಮ್ನೋಸಿಗೂ ಬಂದಿತು. ಒಂದು ಉಸಿರಿನ ಕೆಲಸ ಒಂದು ಗಂಟೆಯ ಕೆಲಸವಾಯಿತು. ಮೊದಲು ಮುಟ್ಟಲಾಗದ ಆಳದ ಸ್ಪಂಜು ಕೈಗೆ ಬಂದಿತು, ವರ್ತಕರು ಸಿರಿವಂತರಾದರು, ಪೋಥಿಯಾದಲ್ಲಿ ಮಹಡಿಮನೆಗಳೆದ್ದವು. ಹಾಗೆಯೇ ಮುಳುಗುಗಾರರು ಸಾಯತೊಡಗಿದರು.

ಕಾರಣವನ್ನು ತಿಳಿಯಲು ಮತ್ತೆ ಆ ಗೋಲಿ ಸೋಡಾದ ಬಳಿಗೇ ಹೋಗಬೇಕು. ನೀರಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒತ್ತಡವು ಒಂದು ವಾಯುಮಂಡಲದಷ್ಟು ಹೆಚ್ಚುವುದು. ಅಲ್ಲಿ ಉಸಿರಾಡಲು ಗಾಳಿಯನ್ನೂ ಅಷ್ಟೇ ಒತ್ತಡದಿಂದ ಕಳುಹಬೇಕು. ಒತ್ತಿದ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಕರಗುತ್ತ ಹೋಗುತ್ತದೆ. ಮುಳುಗುಗಾರನು ನಿಧಾನವಾಗಿ, ಅಲ್ಲಲ್ಲಿ ತಡೆದು ತಡೆದು ಮೇಲೆ ಬಂದರೆ ಅದು ಶ್ವಾಸಕೋಶದ ದಾರಿಯಾಗಿ ಮೆಲ್ಲನೆ ಹೊರಹೋಗುವುದು. ಥಟ್ಟನೆ ಬಂದರೆ? ಸೋಡಾದ ಗೋಲಿಯನ್ನು ಒತ್ತಿದಾಗ ಏನಾಗುವುದೋ ಅದೇ ಅವನ ರಕ್ತದಲ್ಲಿ ಆಗುವುದು. ಗುಳ್ಳೆಗಳು ಕೀಲುಗಳಲ್ಲಿ ಸೇರಿದರೆ ತಾಳಲಾರದ ನೋವು, ಬೆನ್ನುಹುರಿಯಲ್ಲಿ ಸೇರಿದರೆ ಕಾಲುಗಳೆರಡೂ ನಿಶ್ಚೇಷ್ಟಿತ, ಕೆಲವೊಮ್ಮೆ ಸಾವು. ಒಂದೇ ಉಸಿರಿನಲ್ಲಿ ಇಳಿದು ಏರುತ್ತಿದ್ದ ಹಳೆಯ ಮುಳುಗುಗಾರರಿಗೆ ಈ ಕಾಟ ಸಾಮಾನ್ಯವಾಗಿ ಇರಲಿಲ್ಲವಾದುದರಿಂದ, ಇದೇನೆಂದು ಯಾರಿಗೂ ತಿಳಿಯಲಿಲ್ಲ.

ಫ್ರಾನ್ಸಿನ ಪಾಲ್ ಬೆರ್ ಎಂಬ ಶಾಸ್ತ್ರಜ್ಞನು ೧೮೭೮ರಲ್ಲಿ ಇದರ ಕಾರಣವನ್ನು ವಿವರಿಸಿದನು. ಎಷ್ಟು ಆಳದಿಂದ ಎಷ್ಟು ಹೊತ್ತಿನಲ್ಲಿ ಮೇಲೆ ಬರಬೇಕೆಂಬ ಕೋಷ್ಟಕಗಳನ್ನು ಹಾಲ್ಡೇನನು ೧೯೦೮ರಲ್ಲಿ ಪ್ರಕಟಿಸಿದನು. ಆದರೆ ಪುಸ್ತಕದಲ್ಲಿದ್ದ ಜ್ಞಾನ ಸ್ಪಂಜಿನ ದೋಣಿಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ದೋಣಿಗಳು ಈಸ್ಟರ್ ಹಬ್ಬದ ತರುವಾಯ ಆಫ್ರಿಕದ ಉತ್ತರ ತೀರಕ್ಕೆ ಹೊರಟು ಶರತ್ಕಾಲದಲ್ಲಿ ಮರಳುತ್ತಿದ್ದವು. ಹೊರಡುವ ಮುನ್ನವೇ ಮುಳುಗುಗಾರನಿಗೆ ಮುಂಗಡ ಹಣ ಸಿಕ್ಕುತ್ತಿತ್ತು. ಅದು ಮನೆಯ ಸಾಲಕ್ಕೂ ವರ್ಷದ ಹಿಟ್ಟಿಗೂ ಹೋಗುತ್ತಿತ್ತು. ಮುಂಗಡ ತೀರುವಷ್ಟು ಸ್ಪಂಜು ತಾರದೆ ಹಿಂದಿರುಗುವಂತಿಲ್ಲ. ಹೀಗಿರುವಾಗ ತಡೆದು ತಡೆದು ಮೇಲೆ ಬರಲು ಯಾರಿಗೆ ವ್ಯವಧಾನ? ತಪ್ಪು ಸಮುದ್ರದ್ದೆಂದಾಗಲಿ ಯಂತ್ರದ್ದೆಂದಾಗಲಿ ನಮಗೆ ತೋರುವುದಿಲ್ಲ, ಲೆಕ್ಕದ ಪುಸ್ತಕದ್ದು. ಗ್ರೀಕ್ ದ್ವೀಪಗಳ ಮುಳುಗುಗಾರರಲ್ಲಿ ಸಾವಿರಗಟ್ಟಲೆ ಜನ ಆ ಕಾಲದಲ್ಲಿ ಸತ್ತರು, ಅದಕ್ಕೂ ಹೆಚ್ಚು ಮಂದಿ ಊರಿಗೆ ಕುಂಟುತ್ತ ಮರಳಿದರು.

ಕಾಲಿಮ್ನೋಸಿನಲ್ಲಿ 'ಮಿಹಾನಿಕೊಸ್' ಎಂಬ ಒಂದು ನೃತ್ಯವಿದೆ. ಯಂತ್ರದ ಉಡುಗೆ ತೊಡುವ ಮುಳುಗುಗಾರನಿಗೇ ಆ ಹೆಸರು. ಗಂಡಸರು ಭುಜಕ್ಕೆ ಭುಜ ಸೇರಿಸಿ ಸಾಲಾಗಿ ಕುಣಿಯುವರು. ಮುಂದಾಳುವಿನ ಕೈಯಲ್ಲಿ ಒಂದು ಊರುಗೋಲು. ಅವನ ಕಾಲುಗಳು ನಡುಗುವುವು, ಮಡಿಚಿಕೊಳ್ಳುವುವು. ಬೀಳುವಂತಾಗಿ, ಗೋಲನ್ನು ಊರಿ, ಹಾಡಿನ ತಾಳಕ್ಕೆ ಹೆಜ್ಜೆ ಸೇರಿಸಲು ಹೆಣಗುವನು. ಮೊದಲ ಸಲ ನೋಡಿದವರಿಗೆ ಇದು ವಿನೋದವೆನಿಸಬಹುದು. ಊರಿನವರು ನಗುವುದಿಲ್ಲ. ಒಂದು ಕಾಲಕ್ಕೆ ಬೀದಿಬೀದಿಯಲ್ಲಿ ಕಾಣುತ್ತಿದ್ದ ನಡಿಗೆ ಅದು.

ಈ ನಡುವೆ ದ್ವೀಪದ ಒಡೆತನ ಹಲವು ಕೈ ಬದಲಾಯಿಸಿತು. ೧೯೧೨ರ ವರೆಗೆ ತುರ್ಕರು, ಅನಂತರ ಇಟಲಿಯವರು. ೧೯೪೮ರಲ್ಲಿ ಅದು ಗ್ರೀಸಿಗೆ ಸೇರಿತು. ಎಷ್ಟೋ ಸಂಸಾರಗಳು ದೇಶವನ್ನೇ ಬಿಟ್ಟವು. ಅಮೆರಿಕದ ಫ್ಲಾರಿಡಾ ಪ್ರಾಂತದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿಗೆ ೧೯೦೫ರಿಂದೀಚೆಗೆ ಗ್ರೀಕ್ ಮುಳುಗುಗಾರರು ಹೋಗಿ ನೆಲಸಿದರು. ಅವರಲ್ಲಿ ಕಾಲಿಮ್ನೋಸಿನವರು ಬಹಳ. ಊರಿನ ನೆಲ ಸಾಲದೆ ದೂರದ ಕಡಲಬದಿಯ ಪಟ್ಟಣಕ್ಕೆ ಹೋಗಿ, ತಮ್ಮ ಭಾಷೆ ಹಬ್ಬಗಳನ್ನು ಅಲ್ಲಿ ಉಳಿಸಿಕೊಳ್ಳುವುದೆಂದರೇನೆಂಬುದನ್ನು ಮುಂಬಯಿಯ ಕನ್ನಡ ಶಾಲೆಯ ಮಕ್ಕಳಿಗೆ ನಾವು ವಿವರಿಸಬೇಕಾಗಿಲ್ಲ. ಮೇಲಾಗಿ ಕೃತಕ ಸ್ಪಂಜು ಬಂದು ನಿಜವಾದುದರ ಬೆಲೆ ಇಳಿಯಿತು. ಕೊನೆಗೆ ೧೯೮೬ರಲ್ಲಿ ಮಧ್ಯಧರಣಿ ಸಮುದ್ರದ ಸ್ಪಂಜುಗಳಿಗೆ ಒಂದು ರೋಗ ತಗುಲಿ, ಮುಂದಿನ ಕೆಲವು ವರ್ಷಗಳಲ್ಲಿ ಅವು ತಳದಲ್ಲಿಯೇ ಕೊಳೆತುಹೋದವು. ದ್ವೀಪದ ಕಸುಬಿನ ಬೆನ್ನೆಲುಬು ಮುರಿಯಿತು.

ಆ ರೋಗ ಬಂದ ಹತ್ತು ವರ್ಷಗಳಿಗೆ, ೧೯೯೬ರಲ್ಲಿ, ಆಂದ್ರೆಯಾ ದಿ ಬಾರಿ ಎಂಬ ಇಟಲಿಯ ಶಿಲಾರೋಹಿಯೊಬ್ಬನು ರಜೆ ಕಳೆಯಲು ಕಾಲಿಮ್ನೋಸಿಗೆ ಬಂದನು. ಉಳಿದ ಪ್ರವಾಸಿಗರು ಕಡಲಿನ ಕಡೆ ಮುಖ ಮಾಡಿ ಕುಳಿತಿರಲು, ಅವನ ಕಣ್ಣು ಬೆನ್ನ ಹಿಂದಿನ ಬಂಡೆಗಳ ಮೇಲೆ ನಿಂತಿತು. ಮರುವರ್ಷ ಗೆಳೆಯರೊಡನೆ ಬಂದು, ಬಂಡೆಗೆ ಬೋಲ್ಟುಗಳನ್ನು ಕೂರಿಸಿ ಮೊದಲ ಏರುದಾರಿಗಳನ್ನು ಮಾಡಿದನು. ಇದರಿಂದ ಊರಿಗೆ ಒಳ್ಳೆಯದಾದೀತೆಂಬುದು ಅಲ್ಲಿಯ ಪುರಸಭೆಗೆ ಬೇಗನೆ ಹೊಳೆದದ್ದು ಮೆಚ್ಚತಕ್ಕ ಮಾತು. ೨೦೦೦ದ ಸುಮಾರಿನಿಂದ ಶಿಲಾರೋಹಣದ ಉತ್ಸವಗಳು ಅಲ್ಲಿ ನಡೆಯತೊಡಗಿದವು. ಹಲವು ದೇಶಗಳವರು ಬಂದು ಹೊಸ ದಾರಿಗಳನ್ನು ಸೇರಿಸುತ್ತ ಹೋದರು.

ಈ ಏರುದಾರಿಯೆಂದರೆ ಮೆಟ್ಟಿಲೆಂದು ಯಾರೂ ಭಾವಿಸಬಾರದು. ಕೈಕಾಲಿಗೆ ಆಧಾರ ಕೊಡುವುದು ಬಂಡೆ ಮಾತ್ರ. ಬೋಲ್ಟು ಹಗ್ಗ ಎರಡೂ ಬಿದ್ದಾಗ ಹಿಡಿಯುವುದಕ್ಕೆ. ಬಂಡೆಯಲ್ಲಿ ಎರಡು ಮೂರು ಮೀಟರಿಗೊಂದರಂತೆ ತೂತು ಕೊರೆದು ಉಕ್ಕಿನ ಬೋಲ್ಟನ್ನು ಬಿಗಿದಿರುವರು. ಸರಿಯಾಗಿ ಕೂರಿಸಿದ ಒಂದು ಬೋಲ್ಟು ಎರಡು ಟನ್ನಿಗೂ ಹೆಚ್ಚಿನ ಸೆಳೆತವನ್ನು ತಡೆಯುವುದು. ಏರುವವನ ಸೊಂಟಪಟ್ಟಿಗೆ ಹಗ್ಗದ ಒಂದು ತುದಿ ಕಟ್ಟಿರುತ್ತದೆ. ಹಗ್ಗ ಅವನಿಂದ ಕೆಳಗಿಳಿದು ನೆಲದಲ್ಲಿ ನಿಂತ ಜೊತೆಗಾರನ ಸೊಂಟಕ್ಕೆ ಕಟ್ಟಿದ ಒಂದು ತಡೆಸಾಧನದ ಮೂಲಕ ಹಾಯುವುದು. ಮೇಲೇರುತ್ತ ಅವನು ಒಂದೊಂದು ಬೋಲ್ಟಿಗೂ ಕೊಕ್ಕೆ ಸಿಕ್ಕಿಸಿ, ಹಗ್ಗವನ್ನು ಅದರೊಳಗೆ ತೂರಿಸುವನು. ಕೊನೆಯ ಬೋಲ್ಟಿಗಿಂತ ಒಂದು ಮೀಟರು ಮೇಲಿದ್ದಾಗ ಕೈ ತಪ್ಪಿದರೆ ಎರಡು ಮೀಟರು, ಅದರ ಮೇಲೆ ಹಗ್ಗದ ಸಡಿಲ ಎಷ್ಟಿತ್ತೋ ಅಷ್ಟು ಬೀಳುವನು. ಆ ಕ್ಷಣದಲ್ಲಿ ಕೆಳಗಿನವನು ಹಗ್ಗವನ್ನು ತಡೆಯಬೇಕು. ಹಗ್ಗ ನೈಲಾನಿನದು, ಒಂಬತ್ತು ಹತ್ತು ಮಿಲಿಮೀಟರು ದಪ್ಪವಿದ್ದು, ಸೆಳೆತಕ್ಕೆ ಹಿಗ್ಗಿ, ಪೆಟ್ಟನ್ನು ತಾನೇ ನುಂಗುವುದು. ಹಿಗ್ಗದ ಸೆಣಬಿನ ಹಗ್ಗ ಕಟ್ಟಿಕೊಂಡು ಏರುತ್ತಿದ್ದ ಹಿಂದಿನ ಕಾಲದವರು ಬೀಳುವುದನ್ನು ಕನಸಿನಲ್ಲಿಯೂ ಬಯಸುತ್ತಿರಲಿಲ್ಲ. ಇಂದಿನವರಾದರೋ ಒಂದು ಕಠಿಣವಾದ ಹೆಜ್ಜೆಯನ್ನು ಸಾಧಿಸಲು ದಿನಕ್ಕೆ ಹತ್ತು ಸಲ ಬಿದ್ದು, ನಕ್ಕು, ಮತ್ತೆ ಏರುವರು. ಬೆವರಿದ ಬೆರಳಿಗೆ ಬಿಳಿಯ ಪುಡಿ ಹಚ್ಚಿಕೊಳ್ಳುವರು. ನೋಡಲು ಸುಣ್ಣದಂತಿದ್ದರೂ ಅದು ಮೆಗ್ನೀಸಿಯಮ್ಮಿನ ಒಂದು ಲವಣ.

ದಾರಿಗಳಿಗೆ ಕಷ್ಟಕ್ಕೆ ತಕ್ಕಂತೆ ಅಂಕ ಕೊಡುವುದು ಫ್ರೆಂಚರ ಪದ್ಧತಿ. ನಾಲ್ಕು, ಐದು ಎಂದರೆ ಕಲಿಯುವವರಿಗೆ. ಎಂಟು, ಒಂಬತ್ತೆಂದರೆ ಲೋಕಪ್ರಸಿದ್ಧರಿಗೆ. ಕಾಲಿಮ್ನೋಸಿನಲ್ಲಿ ಎಲ್ಲ ಅಂಕದ ದಾರಿಗಳೂ ಅಕ್ಕಪಕ್ಕದಲ್ಲಿರುವುದರಿಂದ, ಹತ್ತು ವರ್ಷದ ಹುಡುಗಿಯೂ ಒಲಿಂಪಿಕ್ಸಿಗೆ ಅಣಿಯಾಗುವವನೂ ಒಂದೇ ಬಂಡೆಯ ಬುಡದಲ್ಲಿ ಬುತ್ತಿ ಬಿಚ್ಚಬಹುದು. (೨೦೨೧ರಲ್ಲಿ ಟೋಕಿಯೋದಲ್ಲಿ ಮೊದಲ ಸಲ ಈ ಕ್ರೀಡೆ ಒಲಿಂಪಿಕ್ಸಿನಲ್ಲಿ ಸೇರಿತು.) ಗೋಡೆಗಳು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದವರೆಗೆ ನೆರಳು. ಬುಡದಲ್ಲಿ ನಿಂತವರಿಗೆ ಹೆಚ್ಚಿನ ಭಯ ಮೇಕೆಗಳದು: ಮೇಲಿನ ಇಳಿಜಾರಿನಲ್ಲಿ ಮೇಯುತ್ತ ಕಲ್ಲುಗಳನ್ನು ಉರುಳಿಸುವುವು, ತಲೆಗೆ ಶಿರಸ್ತ್ರಾಣ ತೊಡುವುದು ಜಾಣತನ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದು. ಅಲ್ಲಿಯ ದಾರಿಗಳು ಉದ್ದ. ಎಷ್ಟೋ ದಾರಿಗಳಿಗೆ ೭೦-೮೦ ಮೀಟರಿನ ಹಗ್ಗ ಬೇಕು. ತುದಿ ಮುಟ್ಟಿದವನನ್ನು ಜೊತೆಗಾರನು ಹಗ್ಗ ಬಿಡುತ್ತ ಬಿಡುತ್ತ ಕೆಳಕ್ಕಿಳಿಸುವನು. ಹಗ್ಗ ಗಿಡ್ಡವಾಗಿದ್ದು, ಇಳಿಯುವವನು ಇನ್ನೂ ಗಾಳಿಯಲ್ಲಿರುವಾಗಲೇ ಅದರ ಕೊನೆ ತಡೆಸಾಧನದಿಂದ ಸರ್ರನೆ ಹಾದುಹೋದರೆ, ಮುಂದಿನದನ್ನು ಯಾವ ಬೋಲ್ಟೂ ತಡೆಯಲಾರದು. ಶಿಲಾರೋಹಣದಲ್ಲಿ ಇಂಥ ಅಪಘಾತಗಳು ವಿರಳವಲ್ಲ. ಪರಿಹಾರ ಬಹಳ ಸಣ್ಣದು: ಏರುವ ಮುನ್ನ ಹಗ್ಗದ ಕೆಳತುದಿಗೆ ಒಂದು ಗಂಟು. ಗಂಟು ತಡೆಸಾಧನದಲ್ಲಿ ಸಿಕ್ಕಿ ನಿಲ್ಲುವುದು. ಐದು ಕ್ಷಣದ ಕೆಲಸ. ದಣಿದಾಗ, ಅವಸರವಾದಾಗ, ಗೆಳೆಯರು ಕಾಯುತ್ತಿರುವಾಗ ಮರೆತುಹೋಗುವ ಕೆಲಸವೂ ಅದೇ. ಸ್ಪಂಜಿನ ದೋಣಿಯಲ್ಲಿ ಹಗ್ಗ ಹಿಡಿದು ಕೂತವನಿಗೂ ಬಂಡೆಯ ಬುಡದಲ್ಲಿ ಹಗ್ಗ ಹಿಡಿದು ನಿಂತವಳಿಗೂ ಹೊಣೆ ಒಂದೇ. ಭೇದವಿರುವುದು ಬೇರೆ ಕಡೆ: ಇವಳ ಜೊತೆಗಾರನು ತನ್ನ ಇಚ್ಛೆಯಿಂದ, ತನ್ನ ಖರ್ಚಿನಲ್ಲಿ, ರಜೆ ಹಾಕಿ ಬಂದವನು, ಸಾಕೆನಿಸಿದಾಗ ಇಳಿದುಬರಬಹುದು.

ಬೋಲ್ಟಿನ ವಿಷಯದಲ್ಲಿಯೂ ನಿಶ್ಚಿಂತೆಯಿಲ್ಲ. ಕಡಲಗಾಳಿಯ ಉಪ್ಪು ಸಾಮಾನ್ಯ ಉಕ್ಕನ್ನಷ್ಟೇ ಅಲ್ಲದೆ, ತುಕ್ಕು ಹಿಡಿಯದೆಂಬ ಹೆಸರಿನ ಉಕ್ಕನ್ನೂ ಒಳಗಿಂದೊಳಗೆ ಬಿರಿಯಿಸಬಲ್ಲುದು. ಹೊರಗಿನಿಂದ ಬೋಲ್ಟು ಹೊಸದರಂತೆ ಹೊಳೆಯುತ್ತಿರಬಹುದು. ಥಾಯ್ಲೆಂಡಿನ ಕಡಲತೀರದ ಸುಣ್ಣಗಲ್ಲುಗಳಲ್ಲಿ ಹೀಗೆ ಬೋಲ್ಟುಗಳು ಮುರಿದ ಮೇಲೆ ಟೈಟಾನಿಯಂ ಲೋಹದ ಬೋಲ್ಟುಗಳನ್ನು ಅಂಟಿನಿಂದ ಕೂರಿಸತೊಡಗಿದರು. ಕಾಲಿಮ್ನೋಸಿನ ಹಳೆಯ ಬೋಲ್ಟುಗಳನ್ನೂ ಕಾಲಕಾಲಕ್ಕೆ ಕಿತ್ತು ಹೊಸವನ್ನು ಹಾಕಬೇಕಾಗಿದೆ. ಸಾವಿರಾರು ದಾರಿಗಳು, ಒಂದೊಂದರಲ್ಲಿಯೂ ಹತ್ತಾರು ಬೋಲ್ಟುಗಳು. ಇದರ ಖರ್ಚೂ ದುಡಿಮೆಯೂ ಸಾಮಾನ್ಯವಲ್ಲ. ಜನ ಹೆಚ್ಚು ಏರುವ ದಾರಿಗಳಲ್ಲಿ ಕಲ್ಲು ಕೈಕಾಲು ಸವರಿ ಸವರಿ, ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದೆ. ಅದಕ್ಕೆ ಮದ್ದೇ ಇಲ್ಲ.

ಸ್ಪಂಜಿನವರ ಮೊಮ್ಮಕ್ಕಳೆಲ್ಲ ಈಗ ಬಂಡೆಯೇರುವರೆಂದು ಬರೆದರೆ ಕಥೆ ಚೆಲುವಾಗುತ್ತಿತ್ತು. ಆದರೆ ಏರುವವರಲ್ಲಿ ಬಹುಪಾಲು ಹೊರಗಿನವರೇ. ಊರಿನವರು ಕೋಣೆಗಳನ್ನು ಬಾಡಿಗೆಗೆ ಕೊಡುವರು, ಊಟದ ಮನೆ ನಡೆಸುವರು, ತೆಲೆಂದೊಸಿಗೆ ದೋಣಿ ಹಾಯಿಸುವರು. ಶಿಲಾರೋಹಿಗಳಿಗೆ ಬೇಸಗೆಯ ಬಿಸಿಲು ಆಗದು. ವಸಂತದಲ್ಲಿ, ಶರತ್ಕಾಲದಲ್ಲಿ ಬರುವರು. ಕಡಲಸ್ನಾನದವರು ಬಂದುಹೋದ ಮೇಲೂ, ಉಳಿದ ದ್ವೀಪಗಳಲ್ಲಿ ಬಾಗಿಲು ಹಾಕುವ ಹೊತ್ತಿನಲ್ಲಿಯೂ, ಮಸ್ಸೂರಿಯಲ್ಲಿ ಒಲೆ ಉರಿಯುತ್ತಿರುವುದು ಇದರಿಂದ.

ಕೆಲವರು ಈಗಲೂ ಸ್ಪಂಜಿಗಾಗಿ ಮುಳುಗುವುದುಂಟು. ಪೋಥಿಯಾದ ಬಂದರಿನ ಅಂಗಡಿಗಳಲ್ಲಿ ಸ್ಪಂಜುಗಳನ್ನು ಬುಟ್ಟಿ ಬುಟ್ಟಿಯಾಗಿ ಮಾರಾಟಕ್ಕೆ ಇಟ್ಟಿರುತ್ತಾರೆ. ಅವುಗಳಲ್ಲಿ ಹಲವು ಬೇರೆ ಸಮುದ್ರಗಳಿಂದ ತರಿಸಿ ಇಲ್ಲಿ ಹದಗೊಳಿಸಿದವು. ಸಮೀಪದಲ್ಲಿಯೇ ನೌಕಾ ಸಂಗ್ರಹಾಲಯವಿದೆ. ಮುಳುಗುಗಾರರು ತೊಡುತ್ತಿದ್ದ ಉಡುಗೆ ಸಲಕರಣೆಗಳನ್ನು ಅಲ್ಲಿ ಕಾಯ್ದಿಟ್ಟಿದ್ದಾರೆ. ಬಂಡೆಯೇರಿ ಬೆರಳು ಸುಲಿದುಕೊಂಡವರು ಒಂದು ದಿನ ಬಿಡುವು ಮಾಡಿಕೊಂಡು ಅದನ್ನು ನೋಡಲು ಬರುತ್ತಾರೆ.